ಬೆಳೆ ಸಮೀಕ್ಷೆ, ಜಾಲ ಹೋಬಳಿ

ಸರ್ವೆ ನಂಬರ್ ನಲವತ್ಮೂರರ ಎರಡು.
ಪಹಣಿಯಲ್ಲಿ ಇನ್ನೂ ರಾಗಿ. ನೆಲದ ಮೇಲೆ
ಕಾಂಪೌಂಡು, ಒಳಗೆ ಶಟರ್ ಎಳೆದ ಗೋದಾಮು.
ಫೋಟೋ ಹೊಡೆದರೆ ತಾಕಿಗೆ ಹತ್ತು ರೂಪಾಯಿ ನನಗೆ.

ಆ್ಯಪ್ ಹೇಳುತ್ತದೆ: ನೀವು ಗಡಿಯ ಹೊರಗಿದ್ದೀರಿ,
ಹನ್ನೆರಡು ಮೀಟರ್ ಮುಂದೆ ಹೋಗಿ.
ಮುಂದೆ ಗೋಡೆ. ಗೋಡೆಯ ಮೇಲೆ ಗಾಜಿನ ಚೂರು.
ನೆತ್ತಿಯ ಮೇಲೆ ಕಾಲು ಚಾಚಿ ಇಳಿಯುವ ವಿಮಾನ.

ಗೇಟು ತೆರೆದವಳು ಪಿಳ್ಳಮ್ಮ, ವಾಚ್‌ಮನ್ನನ ಹೆಂಡತಿ.
"ಬೆಳೆ ನೋಡಾಕ್ ಬಂದ್ಯಾ? ಐತೆ, ಬಾ."
ಸಂಪಿನ ಪಕ್ಕ, ನೀರು ಸೋರುವಲ್ಲಿ
ನಾಕು ಮಾರು ಅವರೆ.
ಕಾಯಿ ಕಟ್ಟಿದೆ, ಮುಟ್ಟಿದರೆ ಸೊಗಡು ಅಂಗೈಗೆ.

ರಾಗಿ ಅಂತ ಬರೆದರೆ ಸುಳ್ಳು,
ಬೆಳೆಯೇ ಇಲ್ಲ ಅಂದರೂ ಸುಳ್ಳು.
ಗುಂಟೆಗಿಂತ ಕಮ್ಮಿ ತೆಗೆದುಕೊಳ್ಳುವುದಿಲ್ಲ ಆ್ಯಪ್.
ಒಂದು ಗುಂಟೆ ಒತ್ತಿದೆ. ಅವರೆ. ನೀರಾವರಿ: ಇತರೆ.

ಕಂತು ಬಂದರೆ ಹೋಗುವುದು ಸದಾಶಿವನಗರದ ಖಾತೆಗೆ.
ಅವರ ಹೆಸರು ಪಿಳ್ಳಮ್ಮನಿಗೆ ಗೊತ್ತಿಲ್ಲ,
ಕಾರಿನ ಬಣ್ಣ ಗೊತ್ತು.

"ಏನ್ ಬರ್ಕಂಡೆ?"
"ಅವರೆ ಅಂತ."
"ನಂದು ಅಂತ ಬರ್ದ್ಯಾ?"
ಆ ಕಾಲಮ್ಮು ಮೊದಲೇ ತುಂಬಿತ್ತು.

ನನ್ನ ಹೆಲ್ಮೆಟ್ಟು ಕಸಿದುಕೊಂಡು
ಎರಡು ಬೊಗಸೆ ಕಾಯಿ ಸುರಿದಳು.
ಮನೆ ಮುಟ್ಟುವತನಕ
ಬರಿತಲೆಯಲ್ಲೇ ಗಾಡಿ ಓಡಿಸಿದೆ.