ಮರಸು

ದೀಪಾವಳಿ ಕಳೆದು ಎಂಟನೇ ದಿನ
ಗುಡ್ಡದ ನೆಲ್ಲಿಮರ ಮೊದಲ ಕಾಯಿ ನೆಲಕ್ಕೆ ಬಿಟ್ಟುಕೊಟ್ಟಿತು.
ಅದು ಬಿದ್ದ ಸದ್ದು ನನಗೆ ಕೇಳಿಸಿದ್ದು
ಹೊಳೆಬಾಗಿಲಲ್ಲಿ, ಲಾಂಚಿನ ಸಾಲಿನಲ್ಲಿ ಬೈಕು ಹಿಡಿದು ನಿಂತಾಗ
ಎಂದರೆ ಯಾರು ನಂಬುತ್ತಾರೆ?

ಮೂರು ದಿನ ಸೋಪು ಮುಟ್ಟಲಿಲ್ಲ.
ಈರುಳ್ಳಿ ಬಿಟ್ಟೆ. ಬೀಡಿ ಬಿಟ್ಟೆ.
"ಯಾವ ದೇವರಿಗೋ ಈ ಮಡಿ?" ಎಂದಳು ಚೌಡಮ್ಮ.
ಒಲೆಯ ಮಗ್ಗುಲಲ್ಲಿ ಕೊತ್ತಂಬರಿ, ಮೆಣಸು
ಆಗಲೇ ಹುರಿದಿಟ್ಟಿದ್ದಳು. ನೋಡಿಯೂ ಸುಮ್ಮನಿದ್ದೆ.
ಕೇಳಿದವರಿಗೆ ಹೇಳಲು ಒಂದು ಮಾತಿತ್ತು:
ನಾಳೆ ತುಳಸಿಪೂಜೆ, ನೆಲ್ಲಿಕೊಂಬೆ ತರಬೇಕು.

ಬಿಲ್ಲು ಗಾಮಜ್ಜನದು. ಬಗನಿಮರದ್ದು.
ಅಟ್ಟದಲ್ಲಿ ಹೊಗೆ ಕುಡಿದು ಕುಡಿದು ಎಮ್ಮೆಕೋಡಿನಷ್ಟು ಕಪ್ಪು.
ಹೆದೆ ಮಾತ್ರ ಹೊಸದು, ಪುಂಡಿನಾರು,
ತೊಡೆಯ ಮೇಲೆ ಹೊಸೆದದ್ದು;
ಕಿತ್ತುಬಂದ ಕೂದಲೂ ಅದರಲ್ಲೇ ಸೇರಿಹೋಗಿದೆ.
ಕೋವಿಯವನಿಗೇನು, ಅನ್ನುತ್ತಿದ್ದ ಅಜ್ಜ,
ದೂರ ಕೂತು ಮುಗಿಸುತ್ತಾನೆ.
ಬಿಲ್ಲಿನವನಿಗೆ ಅದರ ಉಸಿರು ಕೇಳಬೇಕು.
ಅಷ್ಟು ಹತ್ತಿರ ಬಂದದ್ದಕ್ಕೆ
ನಿನ್ನದೂ ಕೇಳುತ್ತದೆ, ಮಗಾ.

ಹೊನ್ನೆಮರದ ಕವಲಿಗೆ ನಾಲ್ಕು ಗಳ, ಹಂಬಿನ ಕಟ್ಟು.
ಕೊನೆಯ ಲಾಂಚು ದಡ ಮುಟ್ಟಿ ಇಂಜಿನ್ ಆರಿತು.
ಅಲ್ಲಿಂದಾಚೆ ಹಿನ್ನೀರಿಗೆ ಅದರದೇ ಸದ್ದು.
ಗಾಳಿ ಮುಖಕ್ಕೆ. ಸರಿ.
ಒಂದು ಚಗಳಿ ಅಂಗಿಯೊಳಗೆ ಹೊಕ್ಕು
ಬೆನ್ನುಮೂಳೆಯ ಗಂಟುಗಳನ್ನು ಒಂದೊಂದಾಗಿ ಎಣಿಸಿತು.
ಎಣಿಸಲಿ ಎಂದು ಬಿಟ್ಟೆ.

ಚಂದ್ರ ನೆತ್ತಿ ದಾಟಿದ್ದ.
ಯಾರೋ ಸೊಳ್ಳೆ ಹೊಡೆದರು.
ನಾನಲ್ಲ.

ಎದುರಿನ ಮತ್ತಿಮರದಲ್ಲಿ. ಒಂದೇ ಸಲ, ಮೆತ್ತಗೆ,
ಅಂಗೈ ಬಿಟ್ಟು ಎರಡೇ ಬೆರಳಿನಲ್ಲಿ.
ಹಾಗೆ ಹೊಡೆಯುವುದನ್ನು ಅಜ್ಜ ಇಬ್ಬರಿಗೆ ಕಲಿಸಿದ್ದ.
ಒಬ್ಬ ನಾನು, ಮಗನ ಮಗ.
ಇನ್ನೊಬ್ಬ ಮಗಳ ಮಗ ತೇಕಪ್ಪ,
ಹನ್ನೊಂದು ವರ್ಷದಿಂದ ಫಾರೆಸ್ಟ್ ವಾಚರ್:
ಖಾಕಿ ಅಂಗಿ, ಮೂರು ಸೆಲ್ಲಿನ ಟಾರ್ಚು.
ಪಾಲಾದಾಗ ಬಿಲ್ಲು ನನಗೆ ಬಂತು, ಅವನಿಗೆ ಕಿವಿ.

ಇಳಿದರೆ ಟಾರ್ಚು. ಕೂತರೆ ಬೆಳಗು.
ಅವನೂ ಸೋಪು ಬಿಟ್ಟಿರಬೇಕು, ನನಗಾಗಿ, ಮೂರು ದಿನ.
ಅವನ ಮನೆಯಲ್ಲೂ ಯಾರೋ ಕೇಳಿರಬೇಕು
ಯಾವ ದೇವರಿಗೆ ಎಂದು.

ಆಗ ಬಂತು ಕಾಡುಕುರಿ. ಗಂಡು.
ನೆಲವನ್ನು ಕೇಳಿ ಕೇಳಿ ಕಾಲಿಡುವ ನಡೆ.
ಒಂದು ಕಾಯಿ ಕಡಿಯಿತು. ಒಗರಿಗೋ ಹುಳಿಗೋ
ಅದರ ಎಡಗಿವಿ ಅದುರಿದ್ದು ಕಂಡಿತು, ಅಷ್ಟು ಹತ್ತಿರ.
ತಲೆ ಎತ್ತಿತು. ಮತ್ತೆ ಬಗ್ಗಿತು.
ಎರಡು ಮರಗಳಲ್ಲಿ ಒಂದೇ ಉಸಿರು ಕಟ್ಟಿ ನಿಂತಿತ್ತು.

ಎಳೆದೆ.
ವಾಟೆಯ ಬಾಣ ಜಾರಿಬಂತು ಕೆನ್ನೆಯವರೆಗೆ,
ಪುಂಡಿನಾರು ತುಟಿಗೆ ತಾಗಿತು, ಒಣಹುಲ್ಲಿನ ರುಚಿ.
ತೇಕಪ್ಪ ಕೆಮ್ಮಿದ.

ಆ ಕೆಮ್ಮು ನನಗೆ ಗೊತ್ತು.
ಬಸುರಿ ಹೆಣ್ಣು ಕಾಯಿಗೆ ಬಂದರೆ
ಅಜ್ಜ ಹಾಗೆ ಕೆಮ್ಮುತ್ತಿದ್ದ, ಹೋಗೇ ತಾಯಿ, ಎನ್ನುವುದಕ್ಕೆ.
ಇದು ಗಂಡು.
ಹಾಗಾದರೆ ಹೋಗು ಎಂದದ್ದು ಯಾರಿಗೆ?

ಕಾಡುಕುರಿ ಬೊಗಳುತ್ತ ಹಳ್ಳಕ್ಕೆ ಇಳಿಯಿತು.
ಹೆದೆ ಸಡಿಲಿಸಿದೆ. ತೋಳು ನಡುಗುತ್ತಿತ್ತು.
ಟಾರ್ಚು ಹತ್ತಲಿಲ್ಲ.
ಬಹಳ ಹೊತ್ತು ಕಾದೆ, ಹತ್ತಲೇ ಇಲ್ಲ.
ಇಳಿದು, ಕೇಳಿಸುವ ಹಾಗೆ
ಲಟಕ್ಕೆಂದು ಮುರಿದೆ ಒಂದು ನೆಲ್ಲಿಕೊಂಬೆ.

ಬೆಳಿಗ್ಗೆ ಮೊದಲ ಲಾಂಚು. ಪಕ್ಕದಲ್ಲೇ ನಿಂತ.
ಕತ್ತಿನ ಮೇಲೆ ಚಗಳಿ ಕಚ್ಚಿದ ದದ್ದು.
"ಈ ವರ್ಷ ಕಾಯಿ ಕಡಿಮೆ," ಎಂದ ಕೊಂಬೆ ನೋಡಿ.
"ಹೌದು. ಕೆಮ್ಮು ಹೇಗಿದೆ?"
"ತಂಡಿ," ಎಂದ, ನೀರು ನೋಡುತ್ತ.
ಗಾಳಿ ತಿರುಗಿತು.
ಇಬ್ಬರ ಮೈಯಿಂದಲೂ ಬಂತು
ಅದೇ ಕೆಂಪು ಸೋಪಿನ ವಾಸನೆ.