ಹುಲಗಪ್ಪಗ, ಅಸ್ಸಗಾಂವದಾಗ ಮೊದಲ ದಿನ

ಬಾ ಹುಲಗಪ್ಪ, ಚಪ್ಪಲಿ ಅಲ್ಲೇ ಬಿಡು.
ಮೊದಲು ಮೂಗು, ಆಮ್ಯಾಲ ಕಣ್ಣು,
ಕೈ ಕಡೀಕ.

ಇದು ಲವೀನಾ ಬಾಯಾರ ಹಳೇ ಕೊಳ,
ಅಂಚಿಗೆ ಚೀರೆಕಲ್ಲು, ನೀಲಿ ಟೈಲ್ಸು ನಾಕು ಉದುರ್ಯಾವು.
ಇದಕ್ಕ ಕ್ಲೋರಿನ್ ಪುಡಿ. ಸಂಜೀಕ ಹಾಕಬೇಕು,
ಹಗಲು ಹಾಕಿದ್ರ ಬಿಸಿಲೇ ಅರ್ಧಾ ಕುಡದಬಿಡತೈತಿ.
ಬಕೀಟಿನಾಗ ಮೊದಲು ನೀರು, ಆಮ್ಯಾಲ ಪುಡಿ.
ಹಿಂದ ಮುಂದ ಮಾಡಿದವ ಮಾಪುಸಾ ಆಸ್ಪತ್ರ್ಯಾಗ
ಎರಡು ವಾರ ಕೆಮ್ಮಿದ.
ಹೆಸರು ಕೇಳಬ್ಯಾಡ, ನಿನ್ನ ಎದುರಿಗೇ ನಿಂತಾನ.

ಗ್ವಾಡಿ ಆಚೆ ಖುರಾನಾ ಸಾಹೇಬರ ಉಪ್ಪಿನ ಕೊಳ.
ಬಂದ ಬಂದವರಿಗೆ ಹೇಳತಾರ:
"ನಮ್ಮಲ್ಲಿ ಕೆಮಿಕಲ್ ಇಲ್ಲ, ಬರೇ ಉಪ್ಪು."
ನಾ ಕಾಗದದ ಹೂವಿನ ಬಳ್ಳಿ ಹಿಂದ
ಆಸಿಡ್ ಕ್ಯಾನು ಹಿಡದು ಹೂಂ ಅಂತೀನಿ.
ಪಂಪಿನ ಖೋಲಿಗೆ ಬಾ, ತೋರಸ್ತೀನಿ:
ಈ ಗಾಜಿನಂಥಾ ಕೊಳವ್ಯಾಗ ತಗಡಿನ ಪದರ, ಕರೆಂಟು.
ಒಳಗ ಹೋಗೋದು ಉಪ್ಪು,
ಹೊರಗ ಬರೋದು ಅದ ಕ್ಲೋರಿನ್ನು.
ಅಲ್ಲಿ ಅಂಗಡಿಯಿಂದ ಬರತೈತಿ, ಇಲ್ಲಿ ಮನ್ಯಾಗ ಹುಟ್ಟತೈತಿ.

ಹಂಗಂತ ಎರಡೂ ಒಂದ ಅನಬ್ಯಾಡ.
ಉಪ್ಪಿನ ನೀರು ಮೈಗೆ ಮೆತ್ತಗ, ಕಣ್ಣು ಉರಿಯೂದು ಕಡಿಮಿ,
ದಿನಾ ಪುಡಿ ಅಳೆಯೋ ಕಾಟ ಇಲ್ಲ.
ಆದ್ರ ಸ್ಟೀಲಿನ ನಿಚ್ಚಣಿಕಿ ನೋಡು, ಬುಡದಾಗ ಚಾದ ಬಣ್ಣ.
ಅಂಚಿನ ಕಲ್ಲು ಬೆಲ್ಲದಂಗ ಕರಗೈತಿ.
ಮೂರು ತಿಂಗಳಿಗೊಮ್ಮೆ ತಗಡಿನ ಬಿಳಿ ಗಾರು ತೊಳೀಬೇಕು,
ಐದು ವರ್ಷಕ್ಕ ತಗಡ ಹೊಸಾದು, ಅದರ ರೊಕ್ಕ
ನಿನ್ನ ಎಂಟು ತಿಂಗಳ ಪಗಾರ.
ಮಳಿಗಾಲ ಬಂತಂದ್ರ ಕೊಳ ತುಂಬಿ ಚೆಲ್ಲತೈತಿ,
ನೀರಿನ ಜೋಡಿ ಉಪ್ಪೂ,
ಆಮ್ಯಾಲ ನಮ್ಮ ಬೆನ್ನ ಮ್ಯಾಲ
ಇಪ್ಪತ್ತೈದು ಕಿಲೋದ ಚೀಲ, ಮತ್ತ ಚೀಲ.

ಇನ್ನ ಮೂಗಿನ ಮಾತು.
ಕೊಳದ ಹತ್ರ ಘಮ್ಮಂತ ವಾಸನಿ ಬಂತೇನು,
ಬಾಯಾರು ಒದರತಾರ, "ಔಷಧ ಜಾಸ್ತಿ ಹಾಕೀಯಾ!"
ಉಲ್ಟಾ. ಕಡಿಮಿ ಬಿದ್ದಿರತೈತಿ.
ಆ ನಾತ ಬರೇ ಕ್ಲೋರಿನ್ನಿಂದಲ್ಲ.
ಬೆವರು, ಎಣ್ಣಿ, ಹುಡುಗ್ರ ಉಚ್ಚಿ
ಅದರ ಕುತ್ತಿಗಿಗೆ ಜೋತುಬಿದ್ದಾಗ ಬರೋದು.
ಇದನ್ನ ಬಾಯಾರಿಗೆ ಯಾರು ಹೇಳಬೇಕು?
"ಕಡಿಮಿ ಮಾಡತೀನ್ರಿ" ಅಂತೀನಿ,
ಸಂಜೀಕ ಒಂದು ಡಬ್ಬಿ ಹೆಚ್ಚು ಹಾಕತೀನಿ.

ಈಗ ಶೀಸೆ ಹಿಡಿ. ಮೊಣಕೈತನಾ ಮುಳುಗಿಸು,
ಮ್ಯಾಲಿನ ನೀರು ಸುಳ್ಳು ಹೇಳತೈತಿ.
ಐದು ಹನಿ. ಎಳೀ ನಿಂಬಿಯ ಹಳದಿ ಬಂತಾ, ಸಾಕು.
ಇನ್ನ ಬಗ್ಗಿ ನೋಡು.
ನಿನ್ನ ಮಾರಿ ಕಂಡ್ರ ಆಗಂಗಿಲ್ಲೋ,
ತಳದ ಜಾಳಗಿಯ ತಿರುಪು ಕಾಣಬೇಕು, ನಾಕೂ.

ಮೂರೇನು? ಬಲಿ ತಾ,
ನಾಕನೇದರ ಮ್ಯಾಲ ಎಲಿ ಕುಂತಿರಬೇಕು.