ಉಳಿದ ಗುಳಿಗಿ ಎಣಿಸೂದು

ಮೈಂದರ್ಗಿ ಸ್ಟ್ಯಾಂಡಿನಾಗ ಇಳಿದಾಗ ಹತ್ತೂವರಿ.
ಚೀಲದಾಗ ಐಸ್ ಡಬ್ಬಿ, ಸೂಜಿ, ರಿಜಿಸ್ಟರು.
ಕಾಗದದಾಗ ಭೌರವ್ವ ಅನ್ನೂಹಂಗಿಲ್ಲ:
ಸೊನ್ನಿ ಮೂವತ್ತೇಳು.

ಸಂಮತಿ ಪತ್ರ ಮರಾಠಿಯಾಗಿತ್ತು, ಹನ್ನೊಂದು ಪಾನು.
ಹೊರಸಿನ ಮ್ಯಾಲೆ ಕುಂತು ಕನ್ನಡದಾಗ ಹೇಳಿದ್ದೆ ಆವತ್ತು:
ಸಾವಿರಾರು ಪುಡಿ ಕುದಿಸಿ ಸೋಸಿದಾಗ
ಇಲಿ ತಿಂದು ಬದುಕಿದ್ದು ಕೆಲವು,
ನಾಯಿಗೆ ಒಗ್ಗಿದ್ದು ಇನ್ನೂ ಕಡಿಮಿ.
ಆಮ್ಯಾಲೆ ರೋಗ ಇಲ್ಲದ ಹುಡುಗೂರು ನುಂಗಿ
ಮಂಚದ ಮ್ಯಾಲೆ ತಾಸಿಗೊಮ್ಮೆ ರಕ್ತ ಕೊಟ್ಟಾರ.
ಹನ್ನೆರಡು ವರ್ಷ ನಡಕೋತ ನಿಮ್ಮ ಅಂಗಳಕ್ಕ ಬಂದೈತಿ ಇದು.
"ನಾಯಿಗೂ ಸಂದು ನೋಯ್ತಿದ್ದುವೇನು?"
ಇಲ್ಲ ಅಂದೆ.

ಗುಳಿಗಿ ಹೊಟ್ಟಿ ದಾಟಿದ ಕೂಡ್ಲೆ ಲಿವರಿನ ನಾಕಾ.
ದುಧನಿ ಹಾದ್ಯಾಗ ಲಾರಿ ತರುಬಿದಂಗ ತರುಬಿ
ಜಕಾತಿ ಕಿತಗೊಂಡು ಬಿಡ್ತೈತಿ.
ಉಳಿದದ್ದು ರಕ್ತಕ್ಕ, ರಕ್ತದಿಂದ ಬೆರಳ ಗೆಣ್ಣಿಗಿ.
ಎಂಟು ತಾಸಿಗೆ ಅರ್ಧ, ಮತ್ತೆಂಟಕ್ಕ ಅದರರ್ಧ.
"ಅಂದ್ರ ಪೂರಾ ಎಂದೂ ತೀರೂದಿಲ್ಲಲ್ಲ?"
ಐದು ಸರ್ತಿ ಅರ್ಧಾದ್ರ ತೀರಿದಂಗ ಲೆಕ್ಕ.
"ಲೆಕ್ಕ," ಅಂದು ಹೆಬ್ಬೆಟ್ಟು ಒತ್ತಿದ್ಲು.

ಆಕಿಗೆ ಸಿಕ್ಕದ್ದು ಔಷಧಾನೋ ಸಕ್ರಿ ಹಿಟ್ಟೋ
ನನಗ ಗೊತ್ತಿಲ್ಲ, ಸೋಲಾಪುರದ ಡಾಕ್ಟರಗೂ ಗೊತ್ತಿಲ್ಲ.
ಗೊತ್ತಿದ್ದ ಲಕೋಟಿ ಪುಣೆದಾಗ ಎಲ್ಲೋ ಬೀಗದಾಗ ಐತಿ.

ಇವತ್ತ ಡಬ್ಬಿ ಸುರುವಿ ಎಣಿಸಿದೆ.
ಉಳೀಬೇಕಾದ್ದು ನಾಕು. ಉಳಿದದ್ದೂ ನಾಕು.
ಗ್ವಾಡಿ ಆಚಿಂದ ರೊಟ್ಟಿ ಬಡಿಯೂ ಸಪ್ಪಳ
ಪಟ ಪಟ, ಬಿಡದಂಗ.

ಸುಗಲಾಬಾಯಿ?
ಶ್ರಾವಣದಾಗ ಹಾಲಿನ ಚರಿಗಿ ಹಿಡಿಯಾಕ ಆಗಿದ್ದಿಲ್ಲ ಆಕಿಗೆ.
ಲಿವರಿನ ಅಂಕಿ ಎರಡು ಪಟ್ಟು ಮ್ಯಾಲೈತಿ ಅಂತ
ಆಕಿನ್ನ ಯಾದಿಯಿಂದ ತಗದಾಕಿ ನಾನ.

ಭೌರವ್ವ ಕಣ್ಣು ಮ್ಯಾಲೆತ್ತಲಿಲ್ಲ.
"ಅಡಕತ್ರಿಲೆ ಕತ್ತರಸ್ತಿದ್ದೆ.
ಒಂದ ಮನಿಗಿ ಬಂದ ನೆಗೆಣ್ಣೇರು ನಾವು.
ನಿಂದೂ ಅರ್ಧರ್ಧದ್ದ ಲೆಕ್ಕಲ್ಲ, ಬಾಯಿ?"

ರಿಜಿಸ್ಟರಿನಾಗ ಇದಕ್ಕೊಂದು ಇಂಗ್ಲಿಷ್ ಮಾತೈತಿ,
ಹಾದಿ ಬಿಟ್ಟದ್ದು ಅಂತ ಅರ್ಥ.
ಬರದೆ. ಬರದು, ಗ್ವಾಡಿ ಸುತ್ತಿ ಹೋದೆ.

ಸುಗಲಾಬಾಯಿ ಜೋಳದ ಹಿಟ್ಟು ಸೆರಗಿಗಿ ಒರಸಿ
ಕೇಳೂಕಿಂತ ಮೊದಲ ತೋಳು ಚಾಚಿದ್ಲು.
ನೋಡ್ರಿ ಅಂತ ಮುಷ್ಟಿ ಮುಚ್ಚಿದ್ಲು, ಬಿಚ್ಚಿದ್ಲು,
ಮತ್ತ ಮುಚ್ಚಿದ್ಲು.
ಕಣ್ಣಿನ ಬಿಳುಪು ಅರಿಷಿಣ ಆಗೈತೇನು ಅಂತ
ಬಾಗಿಲ ಬೆಳಕಿಗಿ ಮುಖ ತಿರುಗಿಸಿ ನೋಡಿದೆ.
ಒಲಿ ಹೊಗಿ. ಗೊತ್ತಾಗಲಿಲ್ಲ.

ಸಿರಿಂಜಿನಾಗ ಕೆಂಪು ಏರಾಕತ್ತಿತ್ತು,
ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಾಕತ್ತಿತ್ತು,
ಮೂವರಾಗ ಒಬ್ಬರೂ ಏಳಲಿಲ್ಲ.